ಮೆಣಸಿನ ಗಿಡಕ್ಕೆ ಗೊಬ್ಬರ: ಹಾಕುವ ಮುನ್ನ ಮೂಸಿ ನೋಡಿ

ಮೆಣಸಿನ ಸಸಿ ಯಾಕೋ ಬಾಡುತ್ತಿದೆ ಎಂದು ಯಾರಾದರೂ ಕರೆದರೆ ನಾನು ಮೊದಲು ಬುಡ ಕೆದಕುತ್ತೇನೆ. ಹೆಚ್ಚಿನ ಸಲ ಸಿಗುವುದು ಹಸಿ ಸಗಣಿ. ಸಾವಯವ ತಾನೇ, ಏನೂ ಆಗಲ್ಲ ಎಂದು ಸುರಿದಿರುತ್ತಾರೆ. ಅರೆಬರೆ ಕೊಳೆತ ಗೊಬ್ಬರ ಮಣ್ಣಿನೊಳಗೆ ಕಾವೇರುತ್ತದೆ, ಅಮೋನಿಯಾ ಬಿಡುತ್ತದೆ. ಬಿಳಿ ಬೇರಿನ ತುದಿ ಕಂದಾಗಿ ಸುಟ್ಟುಹೋಗುತ್ತದೆ.

ಮೊದಲಿಗೆ ಮಣ್ಣು ಸಡಿಲಿಸಿ, ಕಲ್ಲು ಆರಿಸಿ.

ಎರಡನೆಯದು ಗೊಬ್ಬರ ಕಳಿತಿದೆಯೇ ಎಂದು ನೋಡುವುದು. ಇಲ್ಲಿ ಅವಸರ ಮಾಡಲೇಬೇಡಿ. ಸಗಣಿ ಕಳಿಯಲು 3ರಿಂದ 6 ತಿಂಗಳು ಬೇಕು. ಕಬ್ಬಿಣದ ಸಲಾಕೆಯನ್ನು ರಾಶಿಯ ನಡುವಿಗೆ ಚುಚ್ಚಿ, 10 ನಿಮಿಷ ಬಿಟ್ಟು ಹುಷಾರಾಗಿ ಮುಟ್ಟಿ. ಬಿಸಿಯಿದ್ದರೆ ಇನ್ನೂ ಕೊಳೆಯುತ್ತಿದೆ. ತಣ್ಣಗಿದ್ದರೆ ಒಂದು ಹಿಡಿ ತೆಗೆದು ಹಿಸುಕಿ; ಉಂಡೆಯಾಗಬೇಕು, ಬೆರಳು ತಾಗಿದರೆ ಉದುರಬೇಕು. ಈಗ ಮೂಸಿ. ಮಳೆಗೆ ನೆಂದ ಮಣ್ಣಿನ ವಾಸನೆ ಬಂದರೆ ಸರಿ, ಘಾಟು ಹೊಡೆದರೆ ಮತ್ತೆ ರಾಶಿಗೇ ಹಾಕಿ. ಅನುಮಾನ ಉಳಿದರೆ, ಗೊಬ್ಬರ ಮತ್ತು ಮಣ್ಣು ಸಮ ಬೆರೆಸಿ 10 ಮೂಲಂಗಿ ಬೀಜ ಬಿತ್ತಿ; ಪಕ್ಕದಲ್ಲಿ ಬರೀ ಮಣ್ಣಿನಲ್ಲಿ ಇನ್ನು 10. ಒಂದು ವಾರದಲ್ಲಿ ಗೊಬ್ಬರದ ಕಡೆಯೂ ಅಷ್ಟೇ ಚೆನ್ನಾಗಿ ಮೊಳೆತಿರಬೇಕು. ಚೀಲದಲ್ಲಿ ಕೊಂಡ ಎರೆಗೊಬ್ಬರಕ್ಕೂ ಈ ಪರೀಕ್ಷೆ ಬಿಡಬೇಡಿ. ಕಪ್ಪಗಿರುವುದೆಲ್ಲ ಕಳಿತದ್ದಲ್ಲ, ಮರದ ಹೊಟ್ಟು ಕಲಸಿದ ಚೀಲಗಳನ್ನು ಬೇಕಾದಷ್ಟು ಕಂಡಿದ್ದೇನೆ. ಕೊಳೆಯದ ಹೊಟ್ಟು ಮಣ್ಣಿನ ಸಾರಜನಕವನ್ನೇ ಹೀರಿ ಗಿಡವನ್ನು ಹಳದಿ ಮಾಡುತ್ತದೆ.

ಮೂರು ಪಾಲು ಮಣ್ಣಿಗೆ ಒಂದು ಪಾಲು ಗೊಬ್ಬರ ಸಾಕು. ದೊಡ್ಡ ಕುಂಡಕ್ಕೆ ಒಂದು ಹಿಡಿ ಬೇವಿನ ಹಿಂಡಿ ಬೆರೆಸಿ, ತೇವ ಆರದಂತೆ ಎರಡು ಮೂರು ವಾರ ಬಿಟ್ಟು ಆಮೇಲೆ ಸಸಿ ನೆಡಿ. ಬೇರಿನಲ್ಲಿ ಗಂಟು ಕಟ್ಟುವ ಜಂತುಹುಳುವಿನ ಕಾಟ ತಗ್ಗಿಸಲು ನಾನು ನೆಚ್ಚಿಕೊಂಡಿರುವುದು ಇದನ್ನೇ.

ಹೂ ಬಿಡಲು ಶುರುವಾದ ಮೇಲೆ ಸಗಣಿ, ಹಿಂಡಿಯ ಕಡೆ ಕೈ ಹೋಗದಿರಲಿ. ಸಾರಜನಕ ಹೆಚ್ಚಾದರೆ ಎಲೆ ಸೊಕ್ಕುತ್ತದೆ, ಹೂ ಉದುರುತ್ತದೆ. ಪೊಟ್ಯಾಷ್‌ಗೆಂದು ಒಲೆಯ ಬೂದಿ ಹಾಕುವವರು ಮಣ್ಣಿನ ರಸಸಾರ (ಹುಳಿ-ಕ್ಷಾರದ ಅಳತೆ, pH) ನೋಡಿಕೊಳ್ಳಿ: ಮೆಣಸಿಗೆ ಹಿತ 6ರಿಂದ 6.8. ಬೂದಿ ಅದನ್ನು ಏರಿಸುತ್ತದೆ, ಸುಣ್ಣದಂಶದ ಮಣ್ಣಿಗೆ ಚಮಚದಷ್ಟೂ ಬೇಡ. ಸುಣ್ಣದಂಶಕ್ಕೆಂದು (ಕ್ಯಾಲ್ಸಿಯಂ) ಮೊಟ್ಟೆ ಸಿಪ್ಪೆಯನ್ನು ಇಡಿಯಾಗಿ ಹೂತರೆ ವರ್ಷ ಕಳೆದರೂ ಹಾಗೇ ಇರುತ್ತದೆ; ಹಾಕುವುದಾದರೆ ನುಣ್ಣಗೆ ಪುಡಿ ಮಾಡಿ. ಕಾಯಿಯ ತುದಿ ಕಪ್ಪಾದರೆ ಸಿಪ್ಪೆ ಹುಡುಕುವ ಮೊದಲು ನೀರು ಕೊಡುವ ಕ್ರಮ ಸರಿಮಾಡಿಕೊಳ್ಳಿ. ಒಂದು ದಿನ ಒಣಗಿಸಿ ಮರುದಿನ ತುಂಬಿಸಿದರೆ, ಮಣ್ಣಿನಲ್ಲಿ ಸುಣ್ಣದಂಶವಿದ್ದರೂ ಕಾಯಿಗೆ ತಲುಪುವುದಿಲ್ಲ.

ಕೊನೆಗೆ ಒಣ ಎಲೆಯ ಹೊದಿಕೆ, ಕಾಂಡದ ಸುತ್ತ ಎರಡು ಬೆರಳು ಜಾಗ ಬಿಟ್ಟು.