ಹಳೇ ನುಡಿ, ಬರಹ ಫೈಲ್‌ಗಳನ್ನ ಯೂನಿಕೋಡ್‌ಗೆ ತರೋದು ಹೇಗೆ

ನಿಮ್ಮನೆ ಅಟ್ಟದ ಮೇಲೆ ಫ್ಲಾಪಿ, ಸಿಡಿ ತುಂಬಿದ ಡಬ್ಬ ಇದ್ಯಾ? ಅದರಲ್ಲಿ ಅಪ್ಪ ಟೈಪ್ ಮಾಡಿಸಿದ ಲೇಖನನೋ, ಅಜ್ಜಿ ಹೇಳಿ ಬರೆಸಿದ ಸೋಬಾನೆ ಹಾಡೋ, ಸಂಘದ ಸ್ಮರಣ ಸಂಚಿಕೆನೋ ಇದ್ರೆ ಈ ವರ್ಷನೇ ಹೊರಗೆ ತೆಗೀರಿ, ಮುಂದಕ್ಕೆ ಹಾಕ್ಬೇಡಿ. ಫ್ಲಾಪಿಯ ಕಾಂತಶಕ್ತಿ ಕಮ್ಮಿ ಆಗ್ತಾ ಹೋಗುತ್ತೆ, ಸಿಡಿ ಮೇಲಿನ ಪದರ ಫಂಗಸ್ ಹಿಡಿದು ಏಳುತ್ತೆ, ಅದೂ ನಮ್ಮ ಕರಾವಳಿ ಮಲೆನಾಡಿನ ಮಳೆಗಾಲದಲ್ಲಿ ಕೇಳೋದೇ ಬೇಡ. ಆಗ ಕನ್ನಡ ಟೈಪ್ ಮಾಡ್ತಿದ್ದದ್ದು ಹೆಚ್ಚಾಗಿ ನುಡಿ, ಬರಹ ಅನ್ನೋ ಸಾಫ್ಟ್‌ವೇರ್‌ಗಳಲ್ಲಿ; ಈಗ ಎಲ್ಲ ಕಂಪ್ಯೂಟರ್, ಫೋನ್ ಬಳಸೋದು ಯೂನಿಕೋಡ್, ಅಂದ್ರೆ ಕನ್ನಡದ ಅಕ್ಷರಕ್ಕೆ ಅದರದ್ದೇ ಸಂಖ್ಯೆ ಕೊಡೋ ಪದ್ಧತಿ.

ಮೊದಲು ಡೇಟಾ ಈಚೆ ತರೋ ಕೆಲಸ. ಫ್ಲಾಪಿಗೆ ಯುಎಸ್‌ಬಿ ಫ್ಲಾಪಿ ಡ್ರೈವ್ ಈಗಲೂ ಆನ್‌ಲೈನ್‌ನಲ್ಲಿ ಸಿಗುತ್ತೆ, 1.44 ಎಂಬಿ ಫ್ಲಾಪಿ ಅದರಲ್ಲಿ ಓದುತ್ತೆ. ಹಾಕೋ ಮುಂಚೆ ಮೂಲೇಲಿರೋ ಸಣ್ಣ ಪ್ಲಾಸ್ಟಿಕ್ ತುಂಡನ್ನ ಸರಿಸಿ ತೂತು ಕಾಣೋ ಹಾಗೆ ಮಾಡಿ, ಆಗ ಅದರ ಮೇಲೆ ಯಾರೂ ಏನೂ ಬರೆಯಕ್ಕಾಗಲ್ಲ. ಫಾರ್ಮ್ಯಾಟ್ ಮಾಡ್ಲಾ ಅಂತ ವಿಂಡೋಸ್ ಕೇಳಿದ್ರೆ ಯಾವ ಕಾರಣಕ್ಕೂ ಎಸ್ ಒತ್ತಬೇಡಿ. ಕಾಪಿ ಅರ್ಧಕ್ಕೇ ನಿಂತ್ರೆ ಮತ್ತೆ ಮತ್ತೆ ಒದ್ದಾಡೋದು ಬಿಟ್ಟು, ಲಿನಕ್ಸ್‌ನಲ್ಲಿ ಡಿಡಿರೆಸ್ಕ್ಯೂ ಅನ್ನೋ ಟೂಲ್ ಇದೆ, ಅದರಿಂದ ಇಡೀ ಡಿಸ್ಕಿನ ಇಮೇಜ್, ಅಂದ್ರೆ ಪೂರ್ತಿ ನಕಲು, ಒಂದು ಫೈಲಾಗಿ ತಗೊಳ್ಳಿ, ಅದು ಚೆನ್ನಾಗಿರೋ ಭಾಗನ ಮೊದಲು ಎತ್ತಿಕೊಂಡು ಆಮೇಲೆ ಕೆಟ್ಟ ಭಾಗಕ್ಕೆ ಕೈ ಹಾಕುತ್ತೆ. ಸಿಡಿ ಒಂದು ಡ್ರೈವ್‌ನಲ್ಲಿ ಓದ್ಲಿಲ್ಲ ಅಂದ್ರೆ ಇನ್ನೊಂದರಲ್ಲಿ ಹಾಕಿ ನೋಡಿ, ಎಷ್ಟೋ ಸಲ ಅಷ್ಟರಲ್ಲೇ ಕೆಲಸ ಆಗುತ್ತೆ. ಹಳೇ ಐಡಿಇ ಹಾರ್ಡ್‌ಡಿಸ್ಕ್ ಆದ್ರೆ ಯುಎಸ್‌ಬಿ ಅಡಾಪ್ಟರ್ ಜೊತೆ ಬೇರೆ ಪವರ್ ಸಪ್ಲೈನೂ ಬೇಕು, ದೊಡ್ಡ ಡಿಸ್ಕ್‌ಗೆ 12 ವೋಲ್ಟ್ ಯುಎಸ್‌ಬಿಯಿಂದ ಬರಲ್ಲ.

ಫೈಲ್ ಸಿಕ್ತು, ತೆಗೆದ್ರೆ ಬರೀ ಚಿತ್ರವಿಚಿತ್ರ ಚಿಹ್ನೆ. ಹೆದರ್ಬೇಡಿ, ಫೈಲ್ ಕೆಟ್ಟಿಲ್ಲ. ಆ ಕಾಲದಲ್ಲಿ ಕನ್ನಡ ಅನ್ನೋದು ಕಂಪ್ಯೂಟರ್‌ಗೆ ಗೊತ್ತೇ ಇರ್ಲಿಲ್ಲ, ಫಾಂಟ್‌ಗೆ ಮಾತ್ರ ಗೊತ್ತಿತ್ತು. ನುಡಿಯಲ್ಲಿ ನೀವು ಕನ್ನಡ ಅಂತ ಟೈಪ್ ಮಾಡಿದ್ರೆ ಫೈಲ್‌ನಲ್ಲಿ ನಿಜವಾಗಿ ಕೂರ್ತಿದ್ದದ್ದು ಇಂಗ್ಲಿಷಿನ ದೊಡ್ಡ ಪಿ, ತಲೆ ಮೇಲೆ ಓರೆ ಗೀಟಿರೋ ಎ, ಪೌಂಡ್ ಚಿಹ್ನೆ, ಮತ್ತೆ ಅದೇ ಎ, ಜರ್ಮನ್ನರ ಡಬಲ್ ಎಸ್, ಸಣ್ಣ ಕ್ಯೂ, ಕೊನೆಗೆ ಮತ್ತೊಂದು ಎ. ಫಾಂಟ್ ಇದ್ರೆ ಅದು ಕನ್ನಡ, ಇಲ್ದಿದ್ರೆ ಕಸ. ಇದನ್ನ ಕೀಳಾಗಿ ನೋಡೋರನ್ನ ಕಂಡ್ರೆ ನಂಗೆ ನಿಜವಾಗ್ಲೂ ಬೇಜಾರಾಗುತ್ತೆ, ಯಾಕಂದ್ರೆ ಆಗಿನ ಫಾಂಟ್‌ನಲ್ಲಿದ್ದ 256 ಜಾಗದೊಳಗೆ ನಮ್ಮ ಅಷ್ಟೂ ಒತ್ತಕ್ಷರ, ಗುಣಿತನೆಲ್ಲ ತುಂಡು ತುಂಡು ಮಾಡಿ ಕೂರಿಸಿದ್ದು ಸಣ್ಣ ಬುದ್ಧಿವಂತಿಕೆ ಅಲ್ಲ. ಶೇಷಾದ್ರಿವಾಸು ಅವರು 1998ರಲ್ಲಿ ಬರಹ ಕೊಟ್ರು, ಕನ್ನಡ ಗಣಕ ಪರಿಷತ್ತು ನುಡಿ ಕೊಡ್ತು, ಕೆ.ಪಿ. ರಾವ್ ಅವರ ಕೀಬೋರ್ಡ್ ವಿನ್ಯಾಸ ಇತ್ತು, ಇಷ್ಟು ಇದ್ದಿದ್ದಕ್ಕೇ ನಮ್ಮಂಥೋರು ಮನೇಲಿ ಕೂತು ಕನ್ನಡ ಟೈಪ್ ಮಾಡಿದ್ದು.

ಈಗ ಫಾಂಟ್ ಹೆಸರು ನೋಡಿ. ಫೈಲನ್ನ ಪುಕ್ಕಟೆ ಸಿಗೋ ಲಿಬ್ರೆ ಆಫೀಸ್‌ನಲ್ಲಿ ತೆಗೆದು ಆ ಕಸದ ಮೇಲೆ ಕರ್ಸರ್ ಇಟ್ರೆ ಮೇಲೆ ಫಾಂಟ್ ಹೆಸರು ಕಾಣುತ್ತೆ. ನುಡಿ ಅಂತಲೋ ಬಿಆರ್‌ಎಚ್ (ಬರಹದ ಫಾಂಟ್) ಅಂತಲೋ ಇದ್ರೆ ಸುಲಭ, ಎರಡಕ್ಕೂ ಒಂದೇ ಕನ್ವರ್ಟರ್, ಅಂದ್ರೆ ಯೂನಿಕೋಡ್‌ಗೆ ಬದಲಾಯಿಸೋ ಟೂಲ್, ನಡೆಯುತ್ತೆ. ಶ್ರೀಲಿಪಿ ಅನ್ನೋ ಇನ್ನೊಂದು ಸಾಫ್ಟ್‌ವೇರ್‌ನ ಫಾಂಟ್ ಆದ್ರೆ ಯಾವ ಜಾಗದಲ್ಲಿ ಯಾವ ತುಂಡು ಅನ್ನೋ ನಕ್ಷೆನೇ ಬೇರೆ, ನುಡಿ ಕನ್ವರ್ಟರ್‌ಗೆ ಹಾಕಿದ್ರೆ ಇನ್ನೊಂದು ಥರ ಕಸ ಬರುತ್ತೆ, ಅದಕ್ಕಂತಲೇ ಇರೋ ಕನ್ವರ್ಟರ್ ಹುಡುಕಿ. ಪೇಜ್‌ಮೇಕರ್ (ಪುಸ್ತಕದ ಪುಟ ಜೋಡಿಸ್ತಿದ್ದ ಸಾಫ್ಟ್‌ವೇರ್) ಫೈಲ್ ಇದ್ರೂ ಸಾಮಾನ್ಯವಾಗಿ ಲಿಬ್ರೆ ಆಫೀಸ್ ತೆಗೆಯುತ್ತೆ, ಲೇಔಟ್ ಹೆಚ್ಚುಕಮ್ಮಿ ಆದ್ರೂ ಅಕ್ಷರ ಸಿಗುತ್ತೆ, ನಮಗೆ ಬೇಕಿರೋದು ಅದೇ ತಾನೆ.

ಬರಹದ ಜೊತೆಗೇ ಫಾಂಟ್‌ಕನ್ವರ್ಟ್ ಅಂತ ಟೂಲ್ ಬರ್ತಿತ್ತು, ಆನ್‌ಲೈನ್‌ನಲ್ಲೂ ನುಡಿಯಿಂದ ಯೂನಿಕೋಡ್‌ಗೆ ಬದಲಾಯಿಸೋ ಕನ್ವರ್ಟರ್‌ಗಳು ಇವೆ. ಇಡೀ ಪುಸ್ತಕ ಒಂದೇ ಸಲ ತುರುಕಬೇಡಿ, ಒಂದು ಪುಟ ಹಾಕಿ, ಬಂದಿದ್ದನ್ನ ಗಮನ ಇಟ್ಟು ಓದಿ. ಮುಖ್ಯವಾಗಿ ಅರ್ಕಾವತ್ತು. ಅರ್ಥ ಅನ್ನೋ ಪದದಲ್ಲಿ ಹಳೇ ಫಾಂಟ್ ಕಣ್ಣಿಗೆ ಕಾಣೋ ಹಾಗೆ ಥ ಮೊದಲು, ಅರ್ಕಾವತ್ತು ಆಮೇಲೆ ಇಡುತ್ತೆ, ಯೂನಿಕೋಡ್ ನಾವು ಉಚ್ಚರಿಸೋ ಹಾಗೆ ರ ಮೊದಲು ಇಡುತ್ತೆ, ಈ ಅದಲುಬದಲು ಕನ್ವರ್ಟರ್ ಸರಿಯಾಗಿ ಮಾಡಿದ್ಯಾ ಅಂತ ಕರ್ನಾಟಕ, ಸೂರ್ಯ, ಧರ್ಮ ಇಂಥ ಪದ ಹುಡುಕಿ ನೋಡಿದ್ರೆ ತಕ್ಷಣ ಗೊತ್ತಾಗುತ್ತೆ. ಕೋ, ತೋ ಥರದ ದೀರ್ಘ ಎರಡು ಮೂರು ತುಂಡಿನಿಂದ ಆಗಿರುತ್ತೆ, ಒಂದು ತುಂಡು ಬದಲಾಗದೆ ಉಳ್ಕೊಂಡಿರಬಹುದು. ಫೈಂಡ್‌ನಲ್ಲಿ ಆ ಗೀಟಿನ ಎ ಹಾಕಿ ಹುಡುಕಿ, ಸಿಕ್ಕಿದ್ರೆ ಅಲ್ಲಿ ಎಡವಟ್ಟಾಗಿದೆ ಅಂತ. ಮಧ್ಯದಲ್ಲಿದ್ದ ಇಂಗ್ಲಿಷ್ ಪದ, ಇಮೇಲ್ ವಿಳಾಸನೂ ಕನ್ವರ್ಟರ್ ಕನ್ನಡ ಅಂತ್ಲೇ ತಿಳ್ಕೊಂಡು ಅರ್ಥ ಇಲ್ಲದ ಅಕ್ಷರ ಮಾಡಿಬಿಡುತ್ತೆ, ಅವನ್ನ ಮೂಲ ನೋಡಿ ಕೈಯಲ್ಲೇ ಸರಿ ಮಾಡ್ಬೇಕು.

ಉಳಿಸುವಾಗ ಯುಟಿಎಫ್ 8 ಅಂತ ಆರಿಸಿ, ಅದು ಯೂನಿಕೋಡ್ ಅಕ್ಷರ ಫೈಲ್‌ನಲ್ಲಿ ಉಳಿಸೋ ರೀತಿ. ಹಳೇ ನೋಟ್‌ಪ್ಯಾಡ್‌ನಲ್ಲಿ ಆನ್ಸಿ ಅಂತ ಸೇವ್ ಮಾಡಿದ್ರೆ ಎಲ್ಲ ಅಕ್ಷರನೂ ಪ್ರಶ್ನೆಚಿಹ್ನೆ ಆಗುತ್ತೆ, ಹಾಗಾದ ಮೇಲೆ ವಾಪಸ್ ತರಕ್ಕೆ ದಾರಿನೇ ಇಲ್ಲ.

ಹಳೇ ಕಾಲ ಚೆನ್ನಾಗಿತ್ತಾ ಈಗ ಚೆನ್ನಾಗಿದ್ಯಾ ಅಂತ ಕೇಳಿದ್ರೆ ಅಕ್ಷರದ ವಿಷಯದಲ್ಲಿ ನಾನು ಕಣ್ಣು ಮುಚ್ಚಿ ಈಗಿನ ಕಾಲದ ಕಡೆ. ವಿಂಡೋಸ್ ಎಕ್ಸ್‌ಪಿಯಲ್ಲಿ ಕನ್ನಡ ಕಾಣ್ಬೇಕಂದ್ರೆ ಸೆಟ್ಟಿಂಗ್ಸ್‌ನಲ್ಲಿ ಟಿಕ್ ಹಾಕಿ ಇನ್‌ಸ್ಟಾಲ್ ಸಿಡಿ ಹುಡುಕಿ ಹಾಕ್ಬೇಕಿತ್ತು, ಇವತ್ತು ಯಾವ ಫೋನ್ ತಗೊಂಡ್ರೂ ಕನ್ನಡ ಓದುತ್ತೆ, ಹುಡುಕಿದ್ರೆ ಸಿಗುತ್ತೆ, ಜೋರಾಗಿ ಓದಿ ಹೇಳುತ್ತೆ, ಕಣ್ಣು ಕಾಣದೋರಿಗೆ ಇದು ಎಷ್ಟು ದೊಡ್ಡದು ಯೋಚ್ನೆ ಮಾಡಿ. ಆದ್ರೆ ಫೈಲ್ ನಮ್ಮ ಕೈಯಲ್ಲಿ ಇರೋ ವಿಷಯದಲ್ಲಿ ಹಳೇದೇ ಮೇಲು. ಆಗ ಫ್ಲಾಪಿ ನಂದು, ಫೈಲ್ ನಂದು. ಈಗ ಬರೆದಿದ್ದೆಲ್ಲ ಯಾವುದೋ ಕಂಪನಿ ಸರ್ವರ್‌ನಲ್ಲಿ, ಪಾಸ್‌ವರ್ಡ್ ಮರೆತ್ರೆ, ಅಕೌಂಟ್ ಮುಚ್ಚಿದ್ರೆ ಬರವಣಿಗೆನೂ ಹೋಯ್ತು. ಹಾಗಾಗಿ ಕ್ಲೌಡ್‌ನಲ್ಲಿ ಒಂದು ಪ್ರತಿ ಇಡಿ, ಬೇಡ ಅನ್ನಲ್ಲ, ಆದ್ರೆ ಮನೇಲಿ ಎರಡು ಬೇರೆ ಬೇರೆ ಡಿಸ್ಕ್‌ನಲ್ಲಿ ಸಾದಾ ಟೆಕ್ಸ್ಟ್ ಫೈಲಾಗಿ ಇರ್ಲೇಬೇಕು.

ನುಡಿಯಲ್ಲಿ ಟೈಪ್ ಮಾಡಿ ಅಭ್ಯಾಸ ಆಗಿರೋರಿಗೆ ಇನ್ನೊಂದು ವಿಷಯ, ಆ ಕೀಬೋರ್ಡ್ ವಿನ್ಯಾಸ ಲಿನಕ್ಸ್‌ನಲ್ಲೂ ಕಗಪ ಅನ್ನೋ ಹೆಸರಲ್ಲಿ ಇದೆ, ಬೆರಳು ಹೊಸದಾಗಿ ಕಲಿಯೋದೇನಿಲ್ಲ, ತಿದ್ದುಪಡಿ ಕೆಲಸ ಅದರಲ್ಲೇ ಮಾಡ್ಕೊಳ್ಳಿ.

ಕನ್ವರ್ಟ್ ಆಯ್ತು ಅಂತ ಮೂಲ ಫೈಲ್ ಅಳಿಸಬೇಡಿ. ಮೂಲ ಫೈಲ್, ಅದರ ಫಾಂಟ್ ಫೈಲ್, ಯೂನಿಕೋಡ್ ಪ್ರತಿ ಮೂರನ್ನೂ ಒಂದೇ ಫೋಲ್ಡರ್‌ನಲ್ಲಿ ಇಡಿ, ಯಾರು ಬರೆದಿದ್ದು, ಯಾವಾಗ, ಯಾವ ಸಾಫ್ಟ್‌ವೇರ್‌ನಲ್ಲಿ ಅಂತ ಒಂದು ಸಣ್ಣ ಟೆಕ್ಸ್ಟ್ ಫೈಲ್‌ನಲ್ಲಿ ಬರೆದಿಡಿ, ಮುಂದೆ ಇನ್ನೂ ಒಳ್ಳೇ ಕನ್ವರ್ಟರ್ ಬಂದಾಗ ಯಾರಾದ್ರೂ ಮತ್ತೆ ಮೊದಲಿಂದ ಮಾಡ್ಬಹುದು.