ಹಳೇ ವಾರಂಟ್ ಇದೆ, ಪಾಸ್‌ಪೋರ್ಟ್ ಬೇಕು: ಎಲ್ಲಿಂದ ಶುರು ಮಾಡಬೇಕು?

ಕುಮಟಾ ಕಡೆಯ ನನ್ನ ಪರಿಚಯದ ಹುಡುಗನೊಬ್ಬ ದುಬೈ ಕೆಲಸಕ್ಕೆಂದು ಪಾಸ್‌ಪೋರ್ಟ್‌ಗೆ ಅರ್ಜಿ ಹಾಕಿದ್ದ. ವೆರಿಫಿಕೇಶನ್‌ಗೆ ಠಾಣೆಗೆ ಕರೆದರು. ಪೇದೆ ರಿಜಿಸ್ಟರ್ ತಿರುವಿ, ‘ತಮಾ, ನಿನ್ನ ಹೆಸರಲ್ಲಿ ವಾರಂಟ್ ಉಂಟಲ್ಲೋ’ ಅಂದರು. ಆರು ವರ್ಷದ ಹಿಂದೆ ಚೌತಿ ರಾತ್ರಿ ಗೆಳೆಯರ ಜೊತೆ ಅಂದರ್ ಬಾಹರ್ ಆಡುವಾಗ ಸಿಕ್ಕಿಬಿದ್ದಿದ್ದ. ಠಾಣೆಯಲ್ಲೇ ಜಾಮೀನು ಸಿಕ್ಕಿತ್ತು. ಸಹಿ ಹಾಕಿ ಮನೆಗೆ ಬಂದವನು ಕೇಸು ಅಲ್ಲಿಗೇ ಮುಗಿಯಿತು ಅಂದುಕೊಂಡ. ಆಮೇಲೆ ಬೆಂಗಳೂರಿಗೆ ಹೋದ. ಸಮನ್ಸ್ ಹಳೇ ಬಾಡಿಗೆ ಮನೆಗೆ ಹೋಗಿ ಹೋಗಿ ವಾಪಸ್ ಬಂತು, ಕೊನೆಗೆ ಜಾಮೀನುರಹಿತ ವಾರಂಟ್ ಆಯಿತು.

ಪುಣ್ಯಕ್ಕೆ ಆ ಪೇದೆ ಊರಿನವರು. ‘ನಾಳೆನೇ ವಕೀಲರನ್ನು ಹಿಡಿ’ ಎಂದು ಕಳಿಸಿದರು. ಎಲ್ಲರಿಗೂ ಈ ಪುಣ್ಯ ಇರುವುದಿಲ್ಲ. ವಾರಂಟ್ ಕೈಯಲ್ಲಿದ್ದರೆ ಅಲ್ಲೇ ಕೂರಿಸಿಕೊಳ್ಳುವ ಅಧಿಕಾರ ಪೊಲೀಸರಿಗೆ ಇದೆ.

ಮೊದಲು ಒಂದು ಭಯ ಬಿಡಿ. ಆಧಾರ್ ತಿದ್ದುಪಡಿಗೆ, ವೋಟರ್ ಕಾರ್ಡಿಗೆ, ರೇಷನ್ ಕಾರ್ಡಿಗೆ ಯಾರೂ ನಿಮ್ಮ ವಾರಂಟ್ ಹುಡುಕುವುದಿಲ್ಲ. ತೊಂದರೆ ಬರುವುದು ಪೊಲೀಸ್ ವೆರಿಫಿಕೇಶನ್ ಇರುವ ಕಡೆ: ಪಾಸ್‌ಪೋರ್ಟ್, ಹಡಗಿನ ಕೆಲಸದ ಕಾಗದಪತ್ರ, ಕೈಗಾ ಅಣುಸ್ಥಾವರ ಅಥವಾ ಸೀಬರ್ಡ್ ನೌಕಾನೆಲೆ ಒಳಗೆ ಗುತ್ತಿಗೆ ಕೆಲಸದ ಪಾಸು. ನಮ್ಮ ಕರಾವಳಿಯಲ್ಲಿ ಜಾಸ್ತಿ ಜನಕ್ಕೆ ಬೇಕಾಗುವುದೂ ಇವೇ ಅಲ್ವಾ?

‘ಇಷ್ಟು ವರ್ಷ ಆಯ್ತಲ್ಲ, ತನ್ನಷ್ಟಕ್ಕೇ ಹೋಗಿರಬಹುದು’ ಎನ್ನುವವರಿದ್ದಾರೆ. ಹೋಗಿರುವುದಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 72ನೇ ಕಲಂ ಪ್ರಕಾರ, ಕೊಟ್ಟ ಕೋರ್ಟೇ ರದ್ದು ಮಾಡುವವರೆಗೆ ಅಥವಾ ಜಾರಿಯಾಗುವವರೆಗೆ ವಾರಂಟ್ ಜೀವಂತ. ಹಳೇ ಕಾನೂನಿನಲ್ಲೂ ಹೀಗೇ ಇತ್ತು. ಆರೋಪಿ ಸಿಗದೆ ಮೂಲೆ ಸೇರಿದ ಕೇಸಿಗೆ ಠಾಣೆಯವರು ಎಲ್‌ಪಿಸಿ ಅನ್ನುತ್ತಾರೆ, ಅಂದರೆ ಲಾಂಗ್ ಪೆಂಡಿಂಗ್ ಕೇಸ್. ಧೂಳು ಹಿಡಿದಿರುತ್ತದೆ, ಅಷ್ಟೇ.

ಮೊದಲ ಕೆಲಸ, ವಾರಂಟ್ ಯಾವ ಕೋರ್ಟಿನದು ಎಂದು ಪತ್ತೆ ಮಾಡುವುದು. ಇ-ಕೋರ್ಟ್ಸ್ ಜಾಲತಾಣದಲ್ಲೋ ಆ್ಯಪ್‌ನಲ್ಲೋ ಜಿಲ್ಲೆ, ಕೋರ್ಟು ಆರಿಸಿ ಹೆಸರು ಹಾಕಿ ಹುಡುಕಬಹುದು. ಇಲ್ಲೊಂದು ಕಿರಿಕಿರಿ ಇದೆ. ನಮ್ಮಲ್ಲಿ ಒಂದೇ ಗೌಡ ಅಡ್ಡಹೆಸರನ್ನು ಇಂಗ್ಲಿಷಿನಲ್ಲಿ ಎರಡು ಮೂರು ಥರ ಬರೆಯುತ್ತಾರೆ. ನಾಯ್ಕ, ಹೆಗಡೆಯರ ಕತೆಯೂ ಅದೇ. ಒಂದು ಸ್ಪೆಲ್ಲಿಂಗ್‌ಗೆ ಸಿಗಲಿಲ್ಲವೆಂದು ನಿರಾಳ ಆಗಬೇಡಿ, ಎಲ್ಲ ಥರ ಹಾಕಿ ನೋಡಿ. ಸಿಕ್ಕಿತೆಂದು ಗಾಬರಿಯೂ ಬೇಡ. ಒಂದೇ ಊರಲ್ಲಿ ಒಂದೇ ಹೆಸರಿನ ನಾಲ್ಕು ಜನ ಇರುತ್ತಾರೆ. ತಂದೆ ಹೆಸರು, ವಿಳಾಸ ತಾಳೆ ನೋಡಿ. ನಿಮ್ಮದೇ ಎಂದು ಖಾತ್ರಿಯಾದರೆ ಸಿಎನ್‌ಆರ್ ನಂಬರ್, ಅಂದರೆ ಕೇಸಿನ 16 ಅಕ್ಷರ-ಅಂಕಿಗಳ ಗುರುತಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ವಕೀಲರು ಮೊದಲು ಕೇಳುವುದು ಅದನ್ನೇ.

ಕಾರವಾರದವರಿಗೆ ಇನ್ನೊಂದು ತಾಪತ್ರಯ, ಗೋವಾ. ಕಾಣಕೋಣದಲ್ಲೋ ಮಡಗಾಂವಿನಲ್ಲೋ ಬೈಕ್ ಹಿಡಿದು ಕೇಸ್ ಹಾಕಿದ್ದರೆ ಅದನ್ನು ಕಾರವಾರದ ಕೋರ್ಟು ಮುಗಿಸಲು ಬರುವುದಿಲ್ಲ. ವಾರಂಟ್ ಕೊಟ್ಟ ಕೋರ್ಟಿಗೇ ಹೋಗಬೇಕು.

ಮುಂದೆ ವಕೀಲರು. ಹಣದ ತೊಂದರೆ ಇದ್ದರೆ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ ಅಥವಾ ತಾಲೂಕು ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಯಲ್ಲಿ ಕೇಳಿ. ಮಹಿಳೆಯರು, ಪರಿಶಿಷ್ಟ ಜಾತಿ-ಪಂಗಡದವರು, ಅಂಗವಿಕಲರು, ಕಡಿಮೆ ಆದಾಯದವರಿಗೆ ಪುಕ್ಕಟೆ ವಕೀಲರು ಸಿಗುತ್ತಾರೆ. ಠಾಣೆಗೆ ಹೋಗಿ ‘ನನ್ನ ಮೇಲೆ ಏನಾದರೂ ಉಂಟಾ’ ಎಂದು ಮೊದಲೇ ಕೇಳುವುದು, ಅದೂ ಶುಕ್ರವಾರ ಸಂಜೆ, ನನ್ನ ಪ್ರಕಾರ ಬುದ್ಧಿವಂತಿಕೆಯಲ್ಲ. ನೀವಾಗಿಯೇ ಕೋರ್ಟಿಗೆ ಬಂದಿರಿ ಎನ್ನುವುದಕ್ಕೂ ಪೊಲೀಸರು ಹಿಡಿದು ತಂದರು ಎನ್ನುವುದಕ್ಕೂ ತುಂಬಾ ವ್ಯತ್ಯಾಸ ಇದೆ.

ಕೋರ್ಟಿನ ದಿನ ವಾರದ ಮೊದಲಲ್ಲೇ ಇರಲಿ. ವಕೀಲರು ವಕಾಲತ್ತು ಹಾಕಿ, ವಾರಂಟ್ ರದ್ದು ಮಾಡಿ ಎಂಬ ಅರ್ಜಿ ಕೊಡುತ್ತಾರೆ. ಯಾಕೆ ಬರಲಿಲ್ಲ ಎಂಬುದಕ್ಕೆ ಕಾರಣ ಬೇಕು. ಸುಳ್ಳು ಮೆಡಿಕಲ್ ಸರ್ಟಿಫಿಕೇಟ್ ಬೇಡ. ಬೆಂಗಳೂರಿನ ಸಂಬಳದ ಚೀಟಿ, ಬಾಡಿಗೆ ಕರಾರು ಇದ್ದರೆ ಅದೇ ಸಾಕು. ಜಾಮೀನುದಾರರೊಬ್ಬರನ್ನು ಕರೆದುಕೊಂಡೇ ಹೋಗಿ. ಅವರ ಆಧಾರ್, ಫೋಟೊ, ಪಹಣಿ ಅಥವಾ ಮನೆ ತೆರಿಗೆ ರಸೀದಿ ಬೇಕಾಗುತ್ತದೆ. ಹಿಂದೆ ಜಾಮೀನು ನಿಂತವರನ್ನೇ ಮತ್ತೆ ಕೇಳುವ ಮೊದಲು ಯೋಚಿಸಿ. ನೀವು ನಾಪತ್ತೆಯಾದಾಗ ಅವರಿಗೂ ನೋಟಿಸ್ ಹೋಗಿರಬಹುದು. ಸಿದ್ದಾಪುರದ ತೋಟದ ಮಾವ ಹಾಗೆ ಒಮ್ಮೆ ಕೋರ್ಟ್ ಮೆಟ್ಟಿಲು ಹತ್ತಿದ್ದರೆ ಇನ್ನೊಮ್ಮೆ ಪಹಣಿ ಕೊಡುವುದು ಅನುಮಾನ.

ನಮ್ಮ ಹುಡುಗ ಸುಮ್ನೆ ಬೆಂಚಿನ ಮೇಲೆ ಕೂತಿದ್ದ. ಹೆಸರು ಕೂಗಿದಾಗ ಎದ್ದು ಹೋಗಿ ಕೈ ಕಟ್ಟಿ ನಿಂತ. ಜಡ್ಜ್ ಸಾಹೇಬರು ಬೈದರು, ಖರ್ಚು ಎಂದು ಸ್ವಲ್ಪ ಹಣ ಕಟ್ಟಿಸಿದರು, ಹೊಸ ಮುಚ್ಚಳಿಕೆ ಬರೆಸಿಕೊಂಡು ವಾರಂಟ್ ರದ್ದು ಮಾಡಿದರು. ಎಲ್ಲ ಕಡೆ ಹೀಗೇ ಆಗುತ್ತದೆ ಎನ್ನಲಾಗದು. ಪದೇ ಪದೇ ತಪ್ಪಿಸಿಕೊಂಡವರನ್ನು ಜೈಲಿಗೆ ಕಳಿಸುವುದೂ ಉಂಟು.

‘ತಪ್ಪೊಪ್ಪಿಕೊಂಡು ದಂಡ ಕಟ್ಟಿಬಿಡು, ಇವತ್ತೇ ಮುಗಿಯುತ್ತದೆ’ ಎಂದು ಪಕ್ಕದವರು ಹೇಳುತ್ತಾರೆ. ತಡೆಯಿರಿ. ದಂಡ ನೂರು ರೂಪಾಯಿ ಆದರೂ ಅದು ಶಿಕ್ಷೆಯೇ. ನಾಳೆ ಸರ್ಕಾರಿ ಕೆಲಸದ ಅರ್ಜಿಯಲ್ಲಿ ಬರೆಯಬೇಕಾಗುತ್ತದೆ. ವಕೀಲರ ಜೊತೆ ಮಾತಾಡಿಯೇ ತೀರ್ಮಾನ ಮಾಡಿ.

ವಾರಂಟ್ ರದ್ದಾದ ಖುಷಿಯಲ್ಲಿ ಎಲ್ಲರೂ ನೇರ ಮನೆಗೆ ಹೋಗುತ್ತಾರೆ. ಎಡವಟ್ಟಾಗುವುದು ಇಲ್ಲೇ. ಕೋರ್ಟಿನ ಫೈಲಿನಲ್ಲಿ ರದ್ದಾದರೂ ಠಾಣೆಯ ರಿಜಿಸ್ಟರ್‌ನಲ್ಲಿ ಹಾಗೇ ಉಳಿದಿರುತ್ತದೆ. 2002ರ ಆಗಸ್ಟ್ 15ರಂದು ಮುಂಬೈನಲ್ಲಿ ಒಬ್ಬ ವಕೀಲರನ್ನೇ ವಾರಂಟ್ ಮೇಲೆ ಬಂಧಿಸಿದ್ದರು. ಆ ವಾರಂಟ್ ಮೂರು ದಿನ ಮೊದಲೇ ರದ್ದಾಗಿತ್ತು! ಆ ಕೇಸಿನಲ್ಲೇ 2011ರಲ್ಲಿ ಸುಪ್ರೀಂ ಕೋರ್ಟ್, ವಾರಂಟ್ ರದ್ದಾದರೆ ಅದರ ಪ್ರತಿಯನ್ನು ಪೊಲೀಸರಿಗೂ ಕಳಿಸಬೇಕು, ಆರೋಪಿಗೂ ಕೊಡಬೇಕು ಎಂದಿತು. ಆದರೆ ಕಾಗದ ತನ್ನಷ್ಟಕ್ಕೇ ನಡೆದು ಬರುವುದಿಲ್ಲ. ಸರ್ಟಿಫೈಡ್ ಕಾಪಿಗೆ ಅದೇ ದಿನ ಅರ್ಜಿ ಹಾಕಿ. ಬಂದ ಮೇಲೆ ಒಂದು ಜೆರಾಕ್ಸ್ ಠಾಣೆಗೆ ಕೊಟ್ಟು, ಇನ್ನೊಂದರ ಮೇಲೆ ಸೀಲು, ತಾರೀಕು ಹಾಕಿಸಿಕೊಳ್ಳಿ. ರಿಜಿಸ್ಟರ್‌ನಲ್ಲಿ ನಿಮ್ಮೆದುರೇ ಷರಾ ಬರೆಸಿದರೆ ಇನ್ನೂ ಒಳ್ಳೆಯದು.

ಇನ್ನು ಪಾಸ್‌ಪೋರ್ಟ್ ಫಾರಂ. ಕೇಸು, ವಾರಂಟ್, ಸಮನ್ಸ್ ಇದೆಯೇ ಎಂದು ಅದರಲ್ಲಿ ಕೇಳುತ್ತಾರೆ. ಇದ್ದರೆ ಇದೆ ಎಂದೇ ಬರೆಯಿರಿ. 1967ರ ಪಾಸ್‌ಪೋರ್ಟ್ ಕಾಯ್ದೆಯಲ್ಲಿ ಮಾಹಿತಿ ಮುಚ್ಚಿಟ್ಟವರಿಗೆ 2 ವರ್ಷದವರೆಗೆ ಜೈಲು, 5,000 ರೂಪಾಯಿವರೆಗೆ ದಂಡ ಇದೆ. ಇಸ್ಪೀಟಿನ ಕೇಸಿಗಿಂತ ಇದೇ ದೊಡ್ಡದಾಗುತ್ತದೆ. ವಾರಂಟ್ ಹೋಗಿ ಕೇಸು ಮಾತ್ರ ಉಳಿದಿದ್ದರೆ, ವಿದೇಶಕ್ಕೆ ಹೋಗಲು ಅದೇ ಕೋರ್ಟಿನಿಂದ ಅನುಮತಿ ಪಡೆದು ಪಾಸ್‌ಪೋರ್ಟ್ ಕೇಳಬಹುದು. 1993ರ ಆಗಸ್ಟ್ 25ರ ಕೇಂದ್ರದ ಅಧಿಸೂಚನೆಯಲ್ಲಿ ಇದಕ್ಕೆ ದಾರಿ ಇದೆ. ಎಷ್ಟು ಅವಧಿ ಎಂದು ಕೋರ್ಟ್ ಹೇಳದಿದ್ದರೆ ಒಂದು ವರ್ಷದ ಪಾಸ್‌ಪೋರ್ಟ್ ಕೊಡುತ್ತಾರೆ. ಹಾಗಾಗಿ ಅನುಮತಿ ಅರ್ಜಿಯಲ್ಲೇ ಅವಧಿ ನಮೂದಿಸಿ ಕೇಳುವಂತೆ ವಕೀಲರಿಗೆ ನೆನಪಿಸಿ.

ಅಷ್ಟರಲ್ಲಿ ಠಾಣೆಯಿಂದ ವಿರುದ್ಧ ವರದಿ ಹೋಗಿದ್ದರೆ ಪಾಸ್‌ಪೋರ್ಟ್ ಕಚೇರಿಯಿಂದ ವಿವರಣೆ ಕೇಳಿ ಪತ್ರ ಬರುತ್ತದೆ. ಹೆದರಿ ಇನ್ನೊಂದು ಹೊಸ ಅರ್ಜಿ ಹಾಕಬೇಡಿ. ಆ ಪತ್ರಕ್ಕೇ ಉತ್ತರ ಬರೆದು, ಸೀಲು ಹಾಕಿಸಿಕೊಂಡ ಕಾಪಿ ಲಗತ್ತಿಸಿ. ನಮ್ಮ ಹುಡುಗ ಮಾಡಿದ್ದೂ ಅದನ್ನೇ. ದುಬೈನ ಆ ಕೆಲಸ ಅವನಿಗಾಗಿ ಕಾಯಲಿಲ್ಲ. ಪಾಸ್‌ಪೋರ್ಟ್ ಮಾತ್ರ ಬಂತು.