ಸಿಪ್ಯಾಪ್ ಕೆಲಸ ಮಾಡುತ್ತಿದೆಯಾ ಅಂತ ತಿಳಿಯೋದು ಹೇಗೆ?

ಸಿಪ್ಯಾಪ್ (ನಿದ್ದೆಯಲ್ಲಿ ಉಸಿರು ಕಟ್ಟುವವರಿಗೆ ಮಾಸ್ಕ್ ಮೂಲಕ ಒತ್ತಡದಲ್ಲಿ ಗಾಳಿ ಕೊಡುವ ಮೆಷಿನ್) ಹಾಕಿ ವಾರವಾಯಿತು, ಸುಸ್ತು ಹೋಗಿಲ್ಲ ಅಂತ ಮೆಷಿನ್ ಮೂಲೆಗೆ ಸೇರಿಸಬೇಡಿ. ಹಗಲಿನ ಸುಸ್ತು ಇಳಿಯೋಕೆ ಕೆಲವರಿಗೆ ವಾರಗಟ್ಟಲೆ ಬೇಕು. ಅದಕ್ಕೂ ಮೊದಲೇ ಸಣ್ಣ ಸುಳಿವುಗಳು ಸಿಗುತ್ತವೆ.

ನಾನು ಮೊದಲು ನೋಡೋದು ರಾತ್ರಿ ಮೂತ್ರಕ್ಕೆ ಎಷ್ಟು ಸಲ ಎದ್ದೆ ಅನ್ನೋದನ್ನ. ನಿದ್ದೆಯಲ್ಲಿ ಪದೇ ಪದೇ ಉಸಿರು ಕಟ್ಟಿದರೆ ಹೃದಯದ ಮೇಲೆ ಒತ್ತಡ ಬಿದ್ದು ಅದು ಮೂತ್ರ ಹೆಚ್ಚಿಸುವ ಹಾರ್ಮೋನ್ ಬಿಡುತ್ತದೆ, ಹಾಗಾಗಿ ಮೂರು ಸಲ ಏಳುತ್ತಿದ್ದವರು ಒಂದೇ ಸಲ ಎದ್ದರೆ ಒಳ್ಳೆಯ ಲಕ್ಷಣವೇ (ಸಕ್ಕರೆ ಕಾಯಿಲೆ, ಪ್ರಾಸ್ಟೇಟ್ ತೊಂದರೆ ಇದ್ದರೆ ಲೆಕ್ಕ ಬೇರೆ). ಬೆಳಗಿನ ತಲೆನೋವೂ ಕಡಿಮೆಯಾಗುತ್ತದೆ. ಗೊರಕೆ ನಿಂತಿತಾ ಅಂತ ಪಕ್ಕದಲ್ಲಿ ಮಲಗುವವರನ್ನೇ ಕೇಳಿ, ನಮಗೆಲ್ಲಿ ಗೊತ್ತಾಗುತ್ತೆ ಅಲ್ವಾ!

ಗಂಟೆಗೆ ಎಷ್ಟು ಸಲ ಉಸಿರು ನಿಂತಿತು ಅಥವಾ ಕುಗ್ಗಿತು ಅಂತ ಮೆಷಿನ್ ತೋರಿಸುವ ಲೆಕ್ಕ, ಅಂದರೆ ಎಎಚ್‌ಐ ಸಾಮಾನ್ಯವಾಗಿ 5ಕ್ಕಿಂತ ಕೆಳಗಿರಬೇಕು. ಬಾಯಿ ಜಾಸ್ತಿ ಒಣಗುತ್ತಿದ್ದರೆ ಗಾಳಿ ಸೋರುತ್ತಿರಬಹುದು, ಮಾಸ್ಕ್ ಸರಿಮಾಡಿಸಿ.